ಐದೇ ನಿಮಿಷ, ಬಂದೆ

ಮೊನ್ನೆ ಸಂಜೆ ನನ್ನ ಮಗಳು ನೆಲದ ಮೇಲೆ ಪಜಲ್ ಹರಡ್ಕೊಂಡು ಕೂತಿದ್ಲು, ನಾನು ಲ್ಯಾಪ್‌ಟಾಪ್ ಮುಂದೆ. "ಅಮ್ಮಾ ಬಾ, ಈ ಮೂಲೆ ಸೇರ್ತಾನೇ ಇಲ್ಲ" ಅಂದ್ಲು. "ಐದೇ ನಿಮಿಷ ಪುಟ್ಟಿ, ಬಂದೆ" ಅಂದೆ, ಅವಳ ಕಡೆ ನೋಡ್ಲೂ ಇಲ್ಲ. ಎಷ್ಟೋ ಹೊತ್ತಾದ್ಮೇಲೆ ತಿರುಗಿ ನೋಡಿದ್ರೆ ತುಂಡುಗಳನ್ನೆಲ್ಲ ಒಂದೊಂದಾಗಿ ಡಬ್ಬಿಗೆ ತುಂಬ್ತಾ ಇದ್ದಾಳೆ. ಯಾಕೆ, ಬರ್ತೀನಿ ಅಂದಿದ್ನಲ್ಲ ಅಂತ ಕೇಳಿದ್ರೆ ಸಿಟ್ಟೂ ಇಲ್ಲ, ಅಳುನೂ ಇಲ್ಲ, "ನೀನು ಐದು ನಿಮಿಷ ಅಂದ್ರೆ ಬರಲ್ಲ ಅಂತ" ಅಂದ್ಲು. ಅತ್ತಿದ್ರೆ ಸಮಾಧಾನ ಮಾಡಬಹುದಿತ್ತು. ಅವಳು ಸುಮ್ನೆ ಒಂದು ವಿಷಯ ಹೇಳೋ ಥರ ಹೇಳಿದ್ಲು, ಅದಕ್ಕೇ ನನಗೆ ಅಷ್ಟು ಚುಚ್ತು.

ನಾನು ಮನಃಶಾಸ್ತ್ರ ಓದಿದವಳಲ್ಲ, ಆದ್ರೆ ಮಕ್ಕಳ ತಾಳ್ಮೆ ಬಗ್ಗೆ ಸಿಕ್ಕಿದ್ದೆಲ್ಲ ಓದೋ ಹುಚ್ಚು ಇದೆ. ಅವತ್ತು ರಾತ್ರಿ ನೆನಪಾಗಿದ್ದು ಮಾರ್ಷ್‌ಮ್ಯಾಲೋ ಪ್ರಯೋಗ (ಮಾರ್ಷ್‌ಮ್ಯಾಲೋ ಅಂದ್ರೆ ಮೆತ್ತಗಿರೋ ಒಂದು ಸಿಹಿ ಮಿಠಾಯಿ). ತುಂಬಾ ಜನ ಕೇಳಿರ್ತೀರ. 1960ರ ದಶಕದ ಕೊನೆಯಲ್ಲಿ ಶುರುವಾಗಿದ್ದು, ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ಬಿಂಗ್ ನರ್ಸರಿ ಸ್ಕೂಲಲ್ಲಿ ವಾಲ್ಟರ್ ಮಿಶೆಲ್ ಅನ್ನೋ ಮನಃಶಾಸ್ತ್ರಜ್ಞ ಮಾಡಿದ್ದು. ನಾಲ್ಕೈದು ವರ್ಷದ ಮಗುನ ಒಂದು ರೂಮಲ್ಲಿ ಕೂರಿಸಿ ಮುಂದೆ ಅದಕ್ಕಿಷ್ಟವಾದ ಸಿಹಿ ಇಡ್ತಾರೆ, ನಾನು ವಾಪಸ್ ಬರೋ ತನಕ ಕಾದ್ರೆ ಎರಡು ಸಿಗುತ್ತೆ, ತಡೆಯಕ್ಕಾಗ್ದಿದ್ರೆ ಈ ಬೆಲ್ ಹೊಡಿ, ತಕ್ಷಣ ಬರ್ತೀನಿ, ಆದ್ರೆ ಆಗ ಒಂದೇ ಅಂತ ಹೇಳಿ ಹೋಗ್ತಾರೆ. ಅಷ್ಟೇ ಪ್ರಯೋಗ. ವರ್ಷಗಳಾದ್ಮೇಲೆ ಅದೇ ಮಕ್ಕಳನ್ನ ಹುಡುಕಿ ನೋಡಿದಾಗ ಹೆಚ್ಚು ಹೊತ್ತು ಕಾದಿದ್ದವರು ಪರೀಕ್ಷೆಯಲ್ಲಿ ಜಾಸ್ತಿ ಅಂಕ ತಗೊಂಡಿದ್ರು ಅಂತ 1990ರಲ್ಲಿ ಪ್ರಕಟ ಆಯ್ತು, ಆಮೇಲೆ ಆ ಕಥೆ ಎಲ್ಲಾ ಕಡೆ ಓಡಾಡ್ತು, ಸಂಯಮ ಇದ್ದೋನು ಗೆಲ್ತಾನೆ, ಇಲ್ದೋನು ಸೋಲ್ತಾನೆ ಅನ್ನೋ ಅರ್ಥದಲ್ಲಿ.

ನನಗೆ ಈ ಅರ್ಥದ ಮೇಲೆ ನಿಜವಾಗ್ಲೂ ಕೋಪ ಇದೆ. ಯಾಕಂದ್ರೆ ಇದನ್ನ ಹಿಡ್ಕೊಂಡು ಎಷ್ಟೋ ಮಕ್ಕಳಿಗೆ "ಇವನಿಗೆ ತಾಳ್ಮೆನೇ ಇಲ್ಲ" ಅಂತ ಹಣೆಪಟ್ಟಿ ಕಟ್ಟಿಬಿಡ್ತೀವಿ, ತಾಳ್ಮೆ ಅನ್ನೋದು ಎತ್ತರ, ಕಣ್ಣಿನ ಬಣ್ಣದ ಥರ ಹುಟ್ಟಿನಿಂದ ಬರೋದು ಅನ್ನೋ ಹಾಗೆ. ಮಿಶೆಲ್ ಅವರೇ ಹಾಗೆ ಹೇಳಿರ್ಲಿಲ್ಲ. 1970ರ ಅವರ ಪ್ರಯೋಗದಲ್ಲಿ ತಿಂಡಿ ಕಣ್ಣೆದುರೇ ಇದ್ದಾಗ ಮಕ್ಕಳು ಸರಾಸರಿ ಹೆಚ್ಚುಕಮ್ಮಿ 1 ನಿಮಿಷ ಕಾದ್ರು, ತಿಂಡಿನ ಕಣ್ಣಿಗೆ ಕಾಣದ ಹಾಗೆ ಇಟ್ಟಾಗ 11 ನಿಮಿಷಕ್ಕಿಂತ ಜಾಸ್ತಿ! ಅದೇ ವಯಸ್ಸಿನ ಮಕ್ಕಳು, ಅದೇ ಸ್ಕೂಲು. ಕಾದ ಮಕ್ಕಳು ಹಲ್ಲು ಕಚ್ಕೊಂಡು ಕೂತಿರ್ಲಿಲ್ಲ, ಕಣ್ಣು ಮುಚ್ಕೊಳ್ಳೋದು, ಆ ಕಡೆ ತಿರುಗಿ ಕೂರೋದು, ಹಾಡು ಹೇಳ್ಕೊಳ್ಳೋದು, ಹೀಗೆ ಏನೋ ಒಂದು ಮಾಡಿ ಮನಸ್ಸನ್ನ ಬೇರೆ ಕಡೆ ಕಳಿಸ್ತಿದ್ರು.

ಇನ್ನೂ ಹಿಂದೆ ಹೋದ್ರೆ, 1950ರ ದಶಕದಲ್ಲಿ ಟ್ರಿನಿಡಾಡ್‌ನಲ್ಲಿ ಕೆಲಸ ಮಾಡ್ತಿದ್ದಾಗ್ಲೇ ಮಿಶೆಲ್ ಗಮನಿಸಿದ್ದು ಏನಂದ್ರೆ, ಈಗ್ಲೇ ಚಿಕ್ಕ ಚಾಕೊಲೇಟ್ ಬೇಕೋ, ಆಮೇಲೆ ದೊಡ್ಡದು ಬೇಕೋ ಅಂತ ಕೇಳಿದ್ರೆ ಮಗುವಿನ ಉತ್ತರ "ಆಮೇಲೆ ಕೊಡ್ತೀನಿ" ಅಂದವರನ್ನ ಅದು ಎಷ್ಟು ನಂಬುತ್ತೆ ಅನ್ನೋದ್ರ ಮೇಲೂ ನಿಂತಿರುತ್ತೆ ಅಂತ. ನಂಬಿಕೆ ಅನ್ನೋ ಈ ಮಾತು ಮೊದಲಿನಿಂದ್ಲೂ ಅಲ್ಲೇ ಇತ್ತು, ಕಥೆ ಹೇಳೋ ನಾವು ಅದನ್ನ ದಾರಿಯಲ್ಲಿ ಎಲ್ಲೋ ಬಿಟ್ಟುಬಿಟ್ವಿ.

ಅದನ್ನ ಮತ್ತೆ ಎತ್ಕೊಂಡವರು ಸೆಲೆಸ್ಟ್ ಕಿಡ್ ಅನ್ನೋ ಸಂಶೋಧಕಿ, ಅಮೆರಿಕದ ರಾಚೆಸ್ಟರ್ ಯೂನಿವರ್ಸಿಟಿಯಲ್ಲಿದ್ದಾಗ. ಅವರು ಓದಕ್ಕೆ ಬರೋ ಮುಂಚೆ ಮನೆ ಕಳ್ಕೊಂಡ ಕುಟುಂಬಗಳ ಆಶ್ರಯ ಕೇಂದ್ರದಲ್ಲಿ ಕೆಲಸ ಮಾಡಿದ್ರಂತೆ, ಕೈಗೆ ಬಂದಿದ್ದನ್ನ ಯಾವಾಗ ಯಾರು ಕಿತ್ಕೋತಾರೋ ಗೊತ್ತಿಲ್ಲದ ಜಾಗದಲ್ಲಿ ಬೆಳೆಯೋ ಮಕ್ಕಳಿಗೆ ಈ ಪರೀಕ್ಷೆ ಇಟ್ರೆ ತಕ್ಷಣ ತಿನ್ನಲ್ವಾ ಅಂತ ಅಲ್ಲೇ ಅವರಿಗೆ ಹೊಳೆದಿದ್ದು. ಪ್ರಯೋಗ ಚಿಕ್ಕದು, 28 ಮಕ್ಕಳು. ಮೊದಲು ಮಗುಗೆ ಚಿತ್ರ ಬಿಡಿಸೋ ಕೆಲಸ ಕೊಟ್ಟು ಹಳೇ, ಬಳಸಿದ ಕ್ರೇಯಾನ್ ಇಟ್ಟು, ಸ್ವಲ್ಪ ಕಾದ್ರೆ ಒಳಗಿಂದ ಹೊಸಾವು ತುಂಬಾ ತರ್ತೀನಿ ಅಂತ ಹೇಳಿ ಹೋದ್ರು. ಅರ್ಧದಷ್ಟು ಮಕ್ಕಳಿಗೆ ನಿಜವಾಗ್ಲೂ ಹೊಸ ಸಾಮಾನು ಬಂತು. ಉಳಿದ ಅರ್ಧಕ್ಕೆ ಬರಿಗೈಯಲ್ಲಿ ವಾಪಸ್ ಬಂದು "ಸಾರಿ, ಇಲ್ವಂತೆ, ಇದ್ರಲ್ಲೇ ಬಿಡ್ಸು" ಅಂದ್ರು. ಆಮೇಲೆ ಸ್ಟಿಕ್ಕರ್ ವಿಷಯದಲ್ಲೂ ಅದೇ ಥರ ಇನ್ನೊಂದ್ಸಲ. ಅದಾದ್ಮೇಲೆ ಮಾರ್ಷ್‌ಮ್ಯಾಲೋ.

ಮಾತು ಉಳಿಸ್ಕೊಂಡವರ ಎದುರು ಕೂತ ಮಕ್ಕಳು ಸರಾಸರಿ 12 ನಿಮಿಷ ಕಾದ್ರು, ಮಾತು ತಪ್ಪಿದವರ ಎದುರು ಕೂತ ಮಕ್ಕಳು 3 ನಿಮಿಷ. ಪೂರ್ತಿ 15 ನಿಮಿಷ ಕಾದವರು ಆ ಕಡೆ 14ರಲ್ಲಿ 9, ಈ ಕಡೆ 14ರಲ್ಲಿ ಒಂದೇ ಮಗು. ಆ ಒಂದು ಮಗುನ ನೆನೆಸ್ಕೊಂಡ್ರೆ ನನಗೆ ಏನೋ ಒಂಥರಾ ಆಗುತ್ತೆ, ಎರಡು ಸಲ ಮೋಸ ಹೋಗಿ ಮೂರನೇ ಸಲವೂ ನಂಬಿ ಕೂತಿತ್ತಲ್ಲ. ಆದ್ರೆ ಉಳಿದ 13 ಮಕ್ಕಳು ತಪ್ಪು ಮಾಡಿದ್ರಾ? ಖಂಡಿತ ಇಲ್ಲ, ಕೈಯಲ್ಲಿರೋದು ಗ್ಯಾರಂಟಿ, ಬರೋದು ಬರುತ್ತೋ ಇಲ್ವೋ ಅಂತ ಲೆಕ್ಕ ಹಾಕಿದ್ರು, ಅವರ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ. ಅದನ್ನ ಚಪಲ ಅನ್ನೋದು ಅನ್ಯಾಯ.

2018ರಲ್ಲಿ ಟೈಲರ್ ವಾಟ್ಸ್ ಅನ್ನೋ ಸಂಶೋಧಕರು ಮತ್ತೆ ಅವರ ಜೊತೆಯವರು 900ಕ್ಕೂ ಜಾಸ್ತಿ ಮಕ್ಕಳ ಮಾಹಿತಿ ಇಟ್ಕೊಂಡು ಹಳೇ ಫಲಿತಾಂಶನ ಮತ್ತೆ ನೋಡಿದ್ರು, ಕಾಯೋದಕ್ಕೂ ಮುಂದಿನ ಓದಿಗೂ ಇದ್ದ ಸಂಬಂಧ ಮೊದಲು ಕಂಡಿದ್ದರ ಅರ್ಧದಷ್ಟೇ ಇತ್ತು, ಮನೆ ಪರಿಸ್ಥಿತಿ, ಮಗುವಿನ ಆಗಿನ ಬುದ್ಧಿಶಕ್ತಿ ಇವನ್ನೆಲ್ಲ ಲೆಕ್ಕಕ್ಕೆ ತಗೊಂಡಾಗ ಅದ್ರಲ್ಲೂ ಮೂರರಲ್ಲಿ ಎರಡು ಪಾಲು ಕರಗಿಹೋಯ್ತು. ಅಂದ್ರೆ ನಾವು ಮಗುವಿನ ಒಳಗೆ ಹುಡುಕ್ತಿದ್ದಿದ್ರಲ್ಲಿ ಬಹಳಷ್ಟು ಮಗುವಿನ ಸುತ್ತ ಇತ್ತು.

ಇದನ್ನೆಲ್ಲ ಓದಿದ್ಮೇಲೆ ನಾನು ಮಗಳ ತಾಳ್ಮೆ ಬಗ್ಗೆ ಯೋಚನೆ ಮಾಡೋದು ನಿಲ್ಸಿ ನನ್ನ ಮಾತಿನ ಬಗ್ಗೆ ಯೋಚನೆ ಮಾಡಕ್ಕೆ ಶುರು ಮಾಡ್ದೆ. ಒಂದು ದಿನ ಪೂರ್ತಿ ಗಮನ ಇಟ್ಟು ನೋಡ್ಕೊಂಡೆ, ಬೆಳಗ್ಗೆಯಿಂದ ರಾತ್ರಿವರೆಗೆ "ಆಮೇಲೆ", "ನಾಳೆ ನೋಡೋಣ", "ಒಂದ್ನಿಮಿಷ", "ಬಂದೆ ಬಂದೆ" ಎಷ್ಟು ಸಲ ಅಂತೀನಿ ಅಂತ, ಮಧ್ಯಾಹ್ನದ ಹೊತ್ತಿಗೇ ಎಣಿಸೋದು ಬಿಟ್ಟೆ. ಅದ್ರಲ್ಲಿ ಎಷ್ಟೋ ಮಾತು ನಾನು ಹೇಳಿದ ಕ್ಷಣನೇ ಮರೆತಿದ್ದೆ. ಅವಳು ಮರೆತಿರಲ್ಲ. ದೊಡ್ಡ ಮಾತು ಕೊಟ್ಟು ತಪ್ಪಿದ್ರೆ ನಮಗೇ ಗೊತ್ತಾಗುತ್ತೆ, ಸಾರಿ ಕೇಳ್ತೀವಿ. ಈ ಪುಟ್ಟ ಪುಟ್ಟ ಮಾತುಗಳದ್ದೇ ಕಷ್ಟ, ಇವನ್ನ ನಾವು ಮಾತು ಕೊಟ್ಟಿದ್ದು ಅಂತಾನೇ ಅಂದ್ಕೊಳ್ಳಲ್ಲ, ಮಗು ಮಾತ್ರ ಒಂದೊಂದನ್ನೂ ಲೆಕ್ಕ ಇಟ್ಕೊಂಡಿರುತ್ತೆ. ಪ್ರಯೋಗದಲ್ಲಿ ಬರೀ ಎರಡು ಸಲಕ್ಕೆ ಅಷ್ಟು ವ್ಯತ್ಯಾಸ ಬಂತಲ್ಲ, ಅದೂ ಪರಿಚಯನೇ ಇಲ್ದೋರ ಹತ್ರ!

ಈಗ ಐದು ನಿಮಿಷ ಅನ್ನೋದು ಬಿಟ್ಟಿದೀನಿ. ಬರಕ್ಕಾಗಲ್ಲ ಅಂದ್ರೆ ಆಗಲ್ಲ ಅಂತಾನೇ ಹೇಳ್ತೀನಿ, ಅದಕ್ಕೆ ಅವಳು ಮುಖ ಊದಿಸ್ಕೊಂಡ್ರೂ ಪರವಾಗಿಲ್ಲ. ಬರೋ ಹಾಗಿದ್ರೆ ಅವಳ ಕಣ್ಣಿಗೆ ಕಾಣೋ ಗುರುತು ಕೊಡ್ತೀನಿ, "ಈ ಮೇಲ್ ಕಳಿಸಿದ ತಕ್ಷಣ" ಅಂತ, ಗಡಿಯಾರದ ಐದು ನಿಮಿಷ ಅವಳಿಗೆ ಇನ್ನೂ ಅರ್ಥ ಆಗಲ್ಲ, ಲ್ಯಾಪ್‌ಟಾಪ್ ಮುಚ್ಚೋ ಸದ್ದು ಚೆನ್ನಾಗೇ ಅರ್ಥ ಆಗುತ್ತೆ. ಇದಿನ್ನೂ ಎರಡು ವಾರ ಆಗಿಲ್ಲ.

ನಿನ್ನೆ ಮತ್ತೆ ಅದೇ ಪಜಲ್ ತೆಗೆದಿದ್ಲು. ಮೇಲ್ ಕಳಿಸಿ ಬರ್ತೀನಿ ಅಂದೆ, ಕಳಿಸ್ದೆ, ಲ್ಯಾಪ್‌ಟಾಪ್ ಮುಚ್ಚಿ ಎದ್ದೆ. ತುಂಡುಗಳೆಲ್ಲ ನೆಲದ ಮೇಲೇ ಇದ್ವು, ಒಂದನ್ನೂ ಒಳಗೆ ಹಾಕಿರ್ಲಿಲ್ಲ. ಡಬ್ಬಿ ಮುಚ್ಚಳ ಮಾತ್ರ ಕೈಯಲ್ಲೇ ಹಿಡ್ಕೊಂಡು ನನ್ನ ಕಡೆನೇ ನೋಡ್ತಾ ಕೂತಿದ್ಲು.