ಕಟ್ಟೆಯ ಮಟ್ಟ ಎಷ್ಟಾಗಿದೆ?

ಮಗಳ ಮನೆಗೆಂದು ಸಿಯಾಟಲ್‌ಗೆ ಬಂದು ಇಪ್ಪತ್ತು ದಿನಗಳಾದವು. ಇಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಇಲ್ಲದಿರುವುದು ಬೆಳಗಿನ ಕಾಫಿಯೊಡನೆ ಓದುತ್ತಿದ್ದ ಪತ್ರಿಕೆಯ ಒಂದು ಪುಟ್ಟ ಚೌಕ ಮಾತ್ರ: ಜಲಾಶಯದ ಇಂದಿನ ಮಟ್ಟ, ಒಳಹರಿವು, ಹೊರಹರಿವು. ಮಂಡ್ಯದ ಕಡೆಯ ನಮಗೆ ಜುಲೈ ತಿಂಗಳಲ್ಲಿ ಕನ್ನಂಬಾಡಿ ಕಟ್ಟೆಯು 124.80 ಅಡಿಯ ಗರಿಷ್ಠ ಮಟ್ಟ ಮುಟ್ಟಲು ಇನ್ನೆಷ್ಟು ಬಾಕಿಯಿದೆ ಎಂಬುದಕ್ಕಿಂತ ದೊಡ್ಡ ಸುದ್ದಿ ಇರುವುದಿಲ್ಲ. ಕೊಡಗಿನಲ್ಲಿ ಮಳೆ ಬಿದ್ದು, ಕಟ್ಟೆ ಏರಿ, ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡುವ ದಿನ ಗೊತ್ತಾದ ಮೇಲೆಯೇ ಊರಿನಲ್ಲಿ ಭತ್ತದ ಒಟ್ಲು ಹಾಕುವ ಮಾತು ಏಳುವುದು.

ಇಲ್ಲಿನ ಟಿ.ವಿ. ಕಾಡ್ಗಿಚ್ಚನ್ನೂ ಬೇಸ್‌ಬಾಲ್ ಪಂದ್ಯವನ್ನೂ ತೋರಿಸುತ್ತದೆ. ಅದು ಅವರ ಊರು, ಅವರ ಸುದ್ದಿ. ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದಲ್ಲ ಎಂದು ಮಗಳು ಹೇಳುತ್ತಾಳೆ. ಸಿಗುತ್ತದೆ, ನಿಜ. ಆದರೆ ಈ ದಿನಗಳಲ್ಲಿ ಎರಡೂ ಕಡೆಯ ಗಡಿಯಾರಗಳ ನಡುವೆ ಹನ್ನೆರಡೂವರೆ ಗಂಟೆಯ ಅಂತರವಿರುವುದರಿಂದ, ಊರಿನವರು ಬೆಳಿಗ್ಗೆ ಟೀ ಅಂಗಡಿಯ ಮುಂದೆ ಸೇರುವ ಹೊತ್ತಿಗೆ ನಾನು ರಾತ್ರಿಯ ಊಟ ಮುಗಿಸಿರುತ್ತೇನೆ, ಅವರು ಸಂಜೆ ಜಗಲಿಯಲ್ಲಿ ಕುಳಿತಾಗ ನಿದ್ದೆಯಲ್ಲಿರುತ್ತೇನೆ. ಅಂಕಿ ತಲುಪುತ್ತದೆ, ಅದರ ಸುತ್ತಲಿನ ಮಾತು ತಲುಪುವುದಿಲ್ಲ.

ನಿನ್ನೆ ತಮ್ಮನಿಗೆ ಕರೆ ಮಾಡಿ ಮಟ್ಟ ವಿಚಾರಿಸಿದೆ. "ನೂರಾ ಹದಿನೆಂಟಾಗದೆ ಕಣಣ್ಣ, ಅಲ್ ಕುಂತ್ಕಂಡು ನೀನೇನ್ ಬಾಗಿನ ಬುಡ್ಬೇಕಾ?" ಎಂದು ನಕ್ಕ. ನಾನೂ ನಕ್ಕೆ, ಆಮೇಲೆ ಆ ಅಂಕಿಯನ್ನು ಮಗಳ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಊರಿನ ದಿನಾಂಕದ ಕೆಳಗೆ, ಪೆನ್ಸಿಲಿನಲ್ಲಿ ಬರೆದಿಟ್ಟೆ.