907 ಪಂದ್ಯ ಕಾದ ಡಿಫೆನ್ಸ್‌ಮನ್

ಕೊಡಗಿನವರಿಗೆ ಹಾಕಿ ಅಂದ್ರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. 1997ರಿಂದ ಕೊಡವ ಕುಟುಂಬಗಳ ಹಾಕಿ ಟೂರ್ನಿ ನಡೆದುಕೊಂಡು ಬಂದಿದೆ. ಮನೆತನದ ಹೆಸರಲ್ಲೇ ತಂಡ. ನಾವು ಕೊಡವರಲ್ಲ, ಸೋಮವಾರಪೇಟೆ ಕಡೆಯವರು. ಆದರೂ ಬೇಸಿಗೆ ರಜೆ ಬಂತು ಅಂದ್ರೆ ಗ್ಯಾಲರಿಯಲ್ಲಿ ಹಾಜರ್. ಊರಲ್ಲಿ ನಮ್ಮ ಸೋದರಮಾವ ಶಾಲಾ ತಂಡದ ಫುಲ್‌ಬ್ಯಾಕ್ ಆಗಿದ್ದವರು. "ಗೋಲು ಹೊಡೆದವನ ಫೋಟೋ ಪೇಪರಲ್ಲಿ ಬರುತ್ತೆ. ಗೋಲು ತಡೆದವನಿಗೆ ಮನೇಲಿ ಬಿಸಿ ಊಟಾನೂ ಇರಲ್ಲ" ಅಂತಿದ್ದರು. ಅವರ ಪಕ್ಕ ಕೂತು ನೋಡಿ ನೋಡಿ ನನ್ನ ಕಣ್ಣೂ ಯಾವಾಗಲೂ ಹಿಂದಿನ ಸಾಲಿನ ಮೇಲೇ.

ಅಮೆರಿಕದಲ್ಲಿ ಐಸ್ ಹಾಕಿ ನೋಡೋಕೆ ಶುರು ಮಾಡಿದಾಗಲೂ ಆ ಚಾಳಿ ಹೋಗಲಿಲ್ಲ. ನಮ್ಮವರ ಪ್ರಾಜೆಕ್ಟ್ ಹಿಂದೆ ಸುತ್ತುತ್ತಾ ಮೊದಲು ಒಹಾಯೋದ ಕೊಲಂಬಸ್, ಆಮೇಲೆ ಪಿಟ್ಸ್‌ಬರ್ಗ್. ಪಿಟ್ಸ್‌ಬರ್ಗಿನಲ್ಲಿ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದರು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು, ಹೆಂಡತಿ ತೀರಿಕೊಂಡಿದ್ದರು. ಸಂಜೆ ಪಂದ್ಯ ಇದ್ರೆ ಬೇಲಿಯಾಚೆಯಿಂದಲೇ ಕೂಗಿ ಕರೀತಿದ್ದರು. ನಾನು ಒಂದು ಡಬ್ಬಿ ಚಕ್ಕುಲಿ ಹಿಡ್ಕೊಂಡು ಹೋಗ್ತಿದ್ದೆ. ಖಾರ ಜಾಸ್ತಿ ಅಂತ ಗೊಣಗಿಕೊಂಡೇ ಅವರು ಡಬ್ಬಿ ಖಾಲಿ ಮಾಡ್ತಿದ್ದರು.

ಒಂದು ದಿನ ಅಜ್ಜ ಫ್ರೀಜರ್ ಬಾಗಿಲು ತೆಗೆದು, ಬಟಾಣಿ ಪ್ಯಾಕೆಟ್ ಸರಿಸಿ, ಕಪ್ಪು ಬಿಲ್ಲೆಯೊಂದನ್ನು ನನ್ನ ಅಂಗೈಗೆ ಹಾಕಿದರು. ಪಕ್. ಮೂರು ಇಂಚು ಅಗಲ, ಒಂದು ಇಂಚು ದಪ್ಪ, ಗಟ್ಟಿ ರಬ್ಬರ್, ಸುಮಾರು 170 ಗ್ರಾಂ. ಪಂದ್ಯಕ್ಕೆ ಮೊದಲು ಪಕ್‌ಗಳನ್ನು ಹೀಗೇ ಹೆಪ್ಪುಗಟ್ಟುವಷ್ಟು ತಣ್ಣಗಿಡ್ತಾರಂತೆ, ಐಸ್ ಮೇಲೆ ಪುಟಿಯದೆ ಜಾರಲಿ ಅಂತ. ಅಂಗೈ ಮರಗಟ್ಟಿತು. "ಇದು ಗಂಟೆಗೆ ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಬರುವಾಗ ಕೆಲವರು ಅಡ್ಡ ಬೀಳ್ತಾರೆ. ಬೇಕೂಂತಲೇ" ಅಂದರು ಅಜ್ಜ. ಆ ಕೆಲವರೇ ಡಿಫೆನ್ಸ್‌ಮನ್‌ಗಳು.

ಗೋಲಿಯನ್ನು, ಅಂದ್ರೆ ಗೋಲ್‌ಕೀಪರನ್ನು, ಬಿಟ್ಟರೆ ಐಸ್ ಮೇಲೆ ಒಂದು ತಂಡದವರು ಐದು ಜನ. ಮೂವರು ಫಾರ್ವರ್ಡ್, ಇಬ್ಬರು ಡಿಫೆನ್ಸ್. ಮುಕ್ಕಾಲು ನಿಮಿಷ ಉಸಿರುಗಟ್ಟಿ ಆಡಿ ಬೆಂಚಿಗೆ ಓಡಬೇಕು, ಇನ್ನೊಂದು ಜೋಡಿ ಜಿಗಿದು ಬರುತ್ತೆ. ಆಟ ನಿಲ್ಲುವುದಿಲ್ಲ. ಒಳ್ಳೆಯ ಡಿಫೆನ್ಸ್‌ಮನ್ ಹಿಂದೆ ಹಿಂದೆ ಜಾರುತ್ತಲೇ, ಎದುರಿಗೆ ಬರುವವನಿಗೂ ತನಗೂ ನಡುವೆ ಒಂದು ಕೋಲಿನಷ್ಟೇ ಜಾಗ ಉಳಿಸಿಕೊಂಡು, ಅವನನ್ನು ಮೆಲ್ಲಗೆ ಗೋಡೆ ಕಡೆ ತಳ್ಳಿಕೊಂಡು ಹೋಗ್ತಾನೆ. ಹೊಡೆತ ಇಲ್ಲ, ಸದ್ದಿಲ್ಲ. ಟಿವಿಯಲ್ಲಿ ರೀಪ್ಲೇ ಅಂತೂ ಇಲ್ಲವೇ ಇಲ್ಲ.

2017ರ ಫೆಬ್ರವರಿ ಕೊನೆಯಲ್ಲಿ, ಅಲ್ಲಿನ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಆಡುವ ನಮ್ಮೂರ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡ ಕ್ಯಾರೊಲಿನಾದಿಂದ ಇಂಥವನೊಬ್ಬನನ್ನು ತಂದಿತು. ರಾನ್ ಹೇನ್ಸಿ, 65ನೇ ನಂಬರ್. ಅವನಿಗೆ ಬದಲಾಗಿ ಕೊಟ್ಟದ್ದು ಡ್ರಾಫ್ಟಿನ, ಅಂದ್ರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳೋದರ, ಎರಡನೇ ಸುತ್ತಿನಲ್ಲಿ ಆಟಗಾರನನ್ನು ಆರಿಸುವ ಒಂದು ಹಕ್ಕು ಮತ್ತು ಕೆಳಗಿನ ಲೀಗಿನ ಒಬ್ಬ ಆಟಗಾರ. ಅಷ್ಟೇ. ಅಜ್ಜನಿಗೂ ಅಂಥ ಉತ್ಸಾಹ ಇರಲಿಲ್ಲ. "ಮೂವತ್ತೈದು ದಾಟಿದೆ, ಇವನು ಯಾಕೆ?" ಅಂದರು.

ನಾನು ಆ ರಾತ್ರಿ ಕೂತು ಅವನ ಜಾತಕ ಜಾಲಾಡಿದೆ. ಕನೆಕ್ಟಿಕಟ್‌ನ ಬೋಲ್ಟನ್ ಊರಿನವನು. 2000ರ ಡ್ರಾಫ್ಟಿನಲ್ಲಿ ಮಾಂಟ್ರಿಯಲ್ ತಂಡ ಅವನನ್ನು ಮೊದಲ ಸುತ್ತಿನಲ್ಲೇ, ಒಟ್ಟಾರೆ 13ನೆಯವನಾಗಿ ಆರಿಸಿತ್ತು. ಅಂಥ ಹುಡುಗ ಅಲ್ಲಿ ನೆಲೆ ನಿಲ್ಲಲಿಲ್ಲ. ವರ್ಷಗಟ್ಟಲೆ ಕೆಳಗಿನ ಲೀಗಿಗೂ ಮೇಲಕ್ಕೂ ಓಡಾಟ. 2005ರಲ್ಲಿ ವೇವರ್ಸ್‌ಗೆ ಹಾಕಿದರು. ಈ ವೇವರ್ಸ್ ಪದ್ಧತಿ ನೋಡಿ ನನಗೆ ಹೊಟ್ಟೆ ಉರಿದದ್ದು ನಿಜ. ನಮಗೆ ಬೇಡ, ಬೇಕಾದವರು ಕರ್ಕೊಂಡು ಹೋಗಿ ಅಂತ ಪಟ್ಟಿಗೆ ಹಾಕ್ತಾರೆ. ಬದಲಿಗೆ ಒಬ್ಬ ಆಟಗಾರನನ್ನೂ ಕೊಡಬೇಕಾಗಿಲ್ಲ. ಯಾರೋ ಕೈ ಎತ್ತಿದರೆ ಗಂಟುಮೂಟೆ ಕಟ್ಟಬೇಕು. ಕೈ ಎತ್ತಿದ್ದು ಕೊಲಂಬಸ್.

ಮುಂದಿನದು ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. 2008ರಲ್ಲಿ ಅವನು ಕೊಲಂಬಸ್ ಬಿಟ್ಟ. ಮರುವರ್ಷವೇ, 2009ರಲ್ಲಿ, ಕೊಲಂಬಸ್ ತನ್ನ ಇತಿಹಾಸದಲ್ಲೇ ಮೊದಲ ಸಲ ಪ್ಲೇಆಫ್‌ಗೆ, ಅಂದ್ರೆ ಲೀಗ್ ಪಂದ್ಯಗಳು ಮುಗಿದ ಮೇಲೆ ಏಪ್ರಿಲ್‌ನಲ್ಲಿ ಶುರುವಾಗುವ ಕಪ್ ಸುತ್ತುಗಳಿಗೆ, ಹೋಯಿತು. ಅವನು ಸೇರಿದ್ದು ಅಟ್ಲಾಂಟಾ. ಅಟ್ಲಾಂಟಾ ಪ್ಲೇಆಫ್ ಆಡಿದ್ದು ಒಂದೇ ಸಲ, ಅದೂ ಅವನು ಬರುವ ಮೊದಲು, 2007ರಲ್ಲಿ. 2011ರಲ್ಲಿ ಆ ತಂಡವನ್ನೇ ಎತ್ತಿ ಕೆನಡಾದ ವಿನಿಪೆಗ್‌ಗೆ ಸಾಗಿಸಿದರು. ತಂಡ ಬದಲಾಗದೆ ಊರೇ ಬದಲಾಯಿತು. 2013ರಲ್ಲಿ ಅಲ್ಲಿಂದ ಕ್ಯಾರೊಲಿನಾಗೆ ಹೊರಟ, 2015ರಲ್ಲಿ ವಿನಿಪೆಗ್ ಪ್ಲೇಆಫ್‌ಗೆ ಹೋಯಿತು. ಕ್ಯಾರೊಲಿನಾ ಅಂತೂ 2009ರ ನಂತರ ಆ ಕಡೆ ತಲೆ ಹಾಕಿರಲಿಲ್ಲ. ಅಮಾವಾಸ್ಯೆ ಬಸ್ಸು ಹತ್ತಿದವನ ಹಾಗೆ ಅವನು ಇಳಿದ ಮೇಲೇ ಊರು ಬರೋದು. ನಮ್ಮವರಿಗೆ ಓದಿ ಹೇಳಿದೆ. "ಸಂಬಳ ಸರಿಯಾಗಿ ಕೊಟ್ಟಿದ್ದಾರಲ್ಲ" ಅಂದು ಮಗ್ಗುಲು ಬದಲಿಸಿದರು. ಅದೂ ಸರಿಯೇ. ಅಟ್ಲಾಂಟಾದ ಒಪ್ಪಂದ ಐದು ವರ್ಷಕ್ಕೆ 22.5 ಮಿಲಿಯನ್ ಡಾಲರ್. ಆದರೆ ಏಪ್ರಿಲ್ ಬಂತೆಂದರೆ ಅವನಿಗೆ ರಜೆ. ಪ್ರತಿ ಏಪ್ರಿಲ್.

2017ರ ಏಪ್ರಿಲ್ 12ರಂದು ಅದು ಮುಗಿಯಿತು. 907 ಲೀಗ್ ಪಂದ್ಯ ಆಡಿದ ಮೇಲೆ ಹೇನ್ಸಿ ತನ್ನ ಮೊದಲ ಪ್ಲೇಆಫ್ ಪಂದ್ಯಕ್ಕೆ ಇಳಿದ. ಆ ಲೀಗಿನಲ್ಲಿ ಅಲ್ಲಿವರೆಗೆ ಯಾರೂ ಇಷ್ಟು ಕಾದಿರಲಿಲ್ಲ. ಎದುರಿಗಿದ್ದ ತಂಡ ಕೊಲಂಬಸ್! ನಮ್ಮವರು ಹಳೇ ಊರಿನ ಋಣಕ್ಕೆ ಕೊಲಂಬಸ್ ಕಡೆ, ನಾನು ಇತ್ತ ಕಡೆ. ಆ ಸರಣಿ ಮುಗಿಯೋವರೆಗೆ ಮನೆಯಲ್ಲಿ ಮಾತುಕತೆ ಅಷ್ಟಕ್ಕಷ್ಟೆ. ಏಳು ಪಂದ್ಯದ ಸರಣಿಯಲ್ಲಿ ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಪೆಂಗ್ವಿನ್ಸ್ 4-1ರಿಂದ ಗೆದ್ದರು.

ಇಷ್ಟರಲ್ಲಿ ಒಂದು ಎಡವಟ್ಟಾಗಿತ್ತು. ತಂಡದ ದೊಡ್ಡ ಡಿಫೆನ್ಸ್‌ಮನ್ ಕ್ರಿಸ್ ಲೆಟಾಂಗ್ ಕತ್ತಿನ ಆಪರೇಷನ್ ಮಾಡಿಸಿಕೊಂಡು ಪ್ಲೇಆಫ್‌ನಿಂದಲೇ ಹೊರಗುಳಿದಿದ್ದ. ಎಕ್ಸ್‌ಟ್ರಾ ಅಂತ ತಂದ ಹೇನ್ಸಿ ಈಗ ಬ್ರಯಾನ್ ಡುಮೋಲಿನ್ ಜೊತೆ ಮೊದಲ ಜೋಡಿ. ಎದುರಾಳಿಯ ಅತ್ಯುತ್ತಮ ಫಾರ್ವರ್ಡ್‌ಗಳು ಬಂದಾಗಲೆಲ್ಲ ಇವರೇ ಇಳಿಯಬೇಕು. "ಇವನು ಯಾಕೆ" ಅಂದಿದ್ದ ಅಜ್ಜ ಈಗ ರಿಮೋಟ್ ಕೆಳಗಿಟ್ಟು ನೋಡ್ತಿದ್ದರು.

ಫೈನಲ್ ನ್ಯಾಶ್‌ವಿಲ್ ಮೇಲೆ. ಐದನೇ ಪಂದ್ಯ ಪೆಂಗ್ವಿನ್ಸ್‌ಗೆ 6-0, ಕೊನೆಯ ಗೋಲು ಹೇನ್ಸಿಯದೇ. ನಾನು ಕುಣಿದಾಡಿದ್ದು ನೋಡಿ ಅಜ್ಜ, "ಕ್ಯಾಪ್ಟನ್ ಕ್ರಾಸ್ಬಿ ಹೊಡೆದಾಗ ಸುಮ್ನೆ ಕೂತಿರ್ತೀಯಲ್ಲ" ಅಂದರು.

ಆರನೇ ಪಂದ್ಯ ಜೂನ್ 11, ಭಾನುವಾರ. ಬೆಳಗ್ಗೆ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿದ್ದೆವು. ಪಿಟ್ಸ್‌ಬರ್ಗ್ ಕಡೆಯ ನಮ್ಮ ಜನಕ್ಕೆ ಭಾನುವಾರ ಅಂದ್ರೆ ಆ ಗುಡ್ಡದ ದೇವಸ್ಥಾನ, ಆಮೇಲೆ ಅಲ್ಲಿನ ಪುಳಿಯೋಗರೆ. ಸಾಲಿನಲ್ಲಿ ನಮ್ಮ ಮುಂದಿದ್ದ ಹುಡುಗ ಪಂಚೆ ಮೇಲೆ ಪೆಂಗ್ವಿನ್ಸ್ ಜೆರ್ಸಿ ಹಾಕ್ಕೊಂಡು ಬಂದಿದ್ದ. ಅವನಮ್ಮನಿಗೆ ಮುಜುಗರ. ಅರ್ಚಕರು ಮಾತ್ರ ಏನೂ ಅನ್ನದೆ ತೀರ್ಥ ಕೊಟ್ಟರು.

ರಾತ್ರಿ ಎಂಟಕ್ಕೆ ಅಜ್ಜನ ಸೋಫಾ. ನ್ಯಾಶ್‌ವಿಲ್ ಜನ ಖುಷಿಯಾದಾಗ ಐಸ್ ಮೇಲೆ ಕ್ಯಾಟ್‌ಫಿಶ್ ಎಸೀತಾರೆ, ಸತ್ತ ಮೀನು! ಸಾರು ಮಾಡೋದು ಬಿಟ್ಟು ಹೀಗೆ ಹಾಳುಮಾಡ್ತಾರಲ್ಲ ಅಂತ ನನಗೆ ಸಂಕಟ. ಎರಡನೇ ಅವಧಿಯ ಶುರುವಿನಲ್ಲೇ ಅವರೊಂದು ಗೋಲು ಹಾಕಿದರು, ಆದರೆ ಅಷ್ಟರಲ್ಲಿ ರೆಫರಿ ಸೀಟಿ ಊದಿಬಿಟ್ಟಿದ್ದ. ಪಕ್ ಗೋಲಿಯ ಕೈಯಲ್ಲಿದೆ ಅಂದ್ಕೊಂಡಿದ್ದ, ಅದು ಹೊರಗೇ ಬಿದ್ದಿತ್ತು. ಗೋಲು ರದ್ದು. ನಮ್ಮ ಕಡೆಗೇ ಲಾಭ ಆಗಿದ್ದರೂ ಹೇಳ್ತೀನಿ, ಅದು ಅನ್ಯಾಯ.

ಎರಡು ಅವಧಿ ಮುಗಿದರೂ 0-0. ಕೊನೆಯದಾದ ಮೂರನೆಯದರಲ್ಲಿ ಪೆನಾಲ್ಟಿ ಮೇಲೆ ಪೆನಾಲ್ಟಿ ಬಿದ್ದು, ತಪ್ಪು ಮಾಡಿದವರು ಹೊರಗೆ ಕೂರಬೇಕಾಗಿ, ಅರ್ಧ ನಿಮಿಷದಷ್ಟು ಹೊತ್ತು ಅವರ ಐದು ಜನಕ್ಕೆ ನಮ್ಮವರು ಮೂರೇ ಜನ. ಅಜ್ಜ ಎದ್ದು ನಿಂತರು. ಕೂರಿ ಅಂದ್ರೂ ಕೂರಲಿಲ್ಲ. ಮೂವರೂ ಗೋಲಿನ ಮುಂದೆ ತ್ರಿಕೋನ ಕಟ್ಟಿ, ಕೋಲು ಚಾಚಿ, ಪಕ್ ಹೋದ ಕಡೆ ಒಟ್ಟಿಗೇ ವಾಲುತ್ತಿದ್ದರು. ಯಾರೂ ಚೆಂದ ಕಾಣುವಂಥದ್ದೇನೂ ಮಾಡಲಿಲ್ಲ. ಗೋಲು ಆಗಲಿಲ್ಲ, ಅಷ್ಟೇ. ಮಾವ ಇದ್ದಿದ್ದರೆ ಕುರ್ಚಿ ತಟ್ಟುತ್ತಿದ್ದರು.

ಇನ್ನು ಒಂದೂವರೆ ನಿಮಿಷ ಉಳಿದಾಗ ಶಾಟ್ ಒಂದು ಗುರಿ ತಪ್ಪಿ ಹಿಂದಿನ ಗೋಡೆಗೆ ಬಡಿದು ವಾಪಸ್ ಬಂತು. ಪ್ಯಾಟ್ರಿಕ್ ಹಾರ್ನ್‌ಕ್ವಿಸ್ಟ್ ಗೋಲಿನ ಗೆರೆಯ ಹಿಂದಿನಿಂದಲೇ ಅದನ್ನು ನ್ಯಾಶ್‌ವಿಲ್ ಗೋಲ್‌ಕೀಪರನ ಮೈಗೆ ತಾಗಿಸಿ ಒಳಗೆ ಕಳಿಸಿದ. ಅವನು ಹಿಂದೆ ನ್ಯಾಶ್‌ವಿಲ್‌ನವನೇ. 2005ರ ಡ್ರಾಫ್ಟಿನಲ್ಲಿ ಕಟ್ಟಕಡೆಗೆ ಆರಿಸಿದ ಹುಡುಗ. ಅವರು ತಕರಾರು ತೆಗೆದರು, ವಿಡಿಯೋ ನೋಡಿದರು, ಗೋಲು ನಿಂತಿತು. ಕೊನೆ ಗಳಿಗೆಯಲ್ಲಿ ಖಾಲಿ ಗೋಲಿಗೆ ಹೇಗೆಲಿನ್ ಇನ್ನೊಂದು ಹಾಕಿದ. 2-0.

ನಾನು ಕಾದಿದ್ದು ಆಮೇಲಿನದಕ್ಕೆ. ಫೈನಲ್ ಗೆದ್ದ ತಂಡಕ್ಕೆ ಸಿಗುವ ಸ್ಟಾನ್ಲಿ ಕಪ್ ಕೊಡೋದು ನಾಯಕನ ಕೈಗೆ. ನಾಯಕ ಅದನ್ನು ಎತ್ತಿ ಒಂದು ಸುತ್ತು ಜಾರಿ, ಮುಂದೆ ಯಾರಿಗೆ ಕೊಡ್ತಾನೆ ಅನ್ನೋದರಲ್ಲಿ ದೊಡ್ಡ ಮರ್ಯಾದೆ ಇದೆ. ಹದಿನೈದು ಕೆಜಿ ಮೇಲಿರುವ ಬೆಳ್ಳಿ ಕಪ್ಪು. ಸಿಡ್ನಿ ಕ್ರಾಸ್ಬಿ ತಂಡದ ಗುಂಪಿನ ಕಡೆ ಬಂದ. ವರ್ಷಗಟ್ಟಲೆ ಜೊತೆಗಿದ್ದ ಮಾಲ್ಕಿನ್ ಇದ್ದ, ಕುನಿಟ್ಜ್ ಇದ್ದ. ಅವರನ್ನು ದಾಟಿ ಬರೀ ನಾಲ್ಕು ತಿಂಗಳ ಹಿಂದೆ ಬಂದ 65ನೇ ನಂಬರಿನವನ ಕೈಗೆ ಕೊಟ್ಟ. ಹೇನ್ಸಿ ಅದನ್ನು ತಲೆ ಮೇಲೆತ್ತಿದ. ಅಜ್ಜ ಕನ್ನಡಕ ತೆಗೆದು ಅಂಗಿ ತುದಿಯಲ್ಲಿ ಒರೆಸ್ತಾ, "ಚಕ್ಕುಲಿ ಖಾರ ಇವತ್ತು ವಿಪರೀತ" ಅಂದರು. ಅವತ್ತು ನಾನು ಒಯ್ದಿದ್ದು ಕೋಡುಬಳೆ.

ಬುಧವಾರ ಪೇಟೆ ನಡುವೆ ಮೆರವಣಿಗೆ. 6.5 ಲಕ್ಷ ಜನ ಸೇರಿದ್ದರು ಅಂತ ಅಂದಾಜು. ಆ ನೂಕುನುಗ್ಗಲಲ್ಲಿ ನನಗೆ ಕಂಡದ್ದು ಜನರ ಬೆನ್ನು ಮಾತ್ರ. ಕ್ರಾಸ್ಬಿಯ 87 ಎಲ್ಲೆಲ್ಲೂ. 65 ಹುಡುಕಿದೆ, ಒಂದೂ ಸಿಗಲಿಲ್ಲ.

ಆ ಬೇಸಿಗೆಯಲ್ಲೇ ಹೇನ್ಸಿ ಟೊರಾಂಟೊ ಸೇರಿದ. ಅಲ್ಲಿ ಎರಡು ವರ್ಷ, ಎರಡೂ ಸಲ ಮೊದಲ ಸುತ್ತಿನ ಏಳನೇ ಪಂದ್ಯದಲ್ಲಿ ಬಾಸ್ಟನ್‌ಗೆ ಸೋಲು. ಪ್ಲೇಆಫ್ ಅಂತೂ ಆಡಿದನಲ್ಲ! ಅವನು ಬಿಟ್ಟು ಹೋದ ಕ್ಯಾರೊಲಿನಾ 2019ರಲ್ಲಿ ತಾನೂ ಪ್ಲೇಆಫ್ ಸೇರಿತು, ಲೆಕ್ಕ ತಪ್ಪದ ಹಾಗೆ. ಕೊನೆಯ ವರ್ಷ ಒಟ್ಟಾವಾದಲ್ಲಿ ಆಡಿ, ಆಮೇಲೆ ಆಟಗಾರರ ಸಂಘದ ಕೆಲಸಕ್ಕೆ ಸೇರಿಕೊಂಡ. ನನಗೇನೂ ಆಶ್ಚರ್ಯವಾಗಲಿಲ್ಲ. 2012ರಲ್ಲಿ ಮಾಲೀಕರು ಲಾಕೌಟ್ ಮಾಡಿದಾಗಲೂ ಆಟಗಾರರ ಪರ ಮಾತುಕತೆಗೆ ಕೂತವರಲ್ಲಿ ಅವನೊಬ್ಬ. ವೇವರ್ಸ್ ಪಟ್ಟಿಯಲ್ಲಿ ಹೆಸರು ನೋಡಿಕೊಂಡವನಿಗಿಂತ ಆ ಕುರ್ಚಿಗೆ ಬೇರೆ ಯಾರು ಬೇಕು?

ನಾವೂ ಆಮೇಲೆ ಊರು ಬದಲಿಸಿದೆವು. ಅಜ್ಜ ಮಾತ್ರ ಫೋನ್ ಮಾಡ್ತಾರೆ. 2025ರ ಏಪ್ರಿಲ್‌ನಲ್ಲಿ ಒಂದು ರಾತ್ರಿ ಫೋನು. ಹಲೋ ಕೂಡ ಇಲ್ಲ. "ನಿನ್ನ ಹುಡುಗನ ದಾಖಲೆ ಹೋಯ್ತು" ಅಂದರು. ಜೆಫ್ ಸ್ಕಿನ್ನರ್ ಅನ್ನುವವನು 1078 ಪಂದ್ಯ ಆದ ಮೇಲೆ ಎಡ್ಮಂಟನ್ ಪರ ಮೊದಲ ಪ್ಲೇಆಫ್ ಆಡಿದನಂತೆ. ಅವನೂ ಹೇನ್ಸಿಯೂ ಕ್ಯಾರೊಲಿನಾದಲ್ಲಿ ಒಟ್ಟಿಗೇ ಆಡಿದವರು.

"ಸ್ಕಿನ್ನರ್ ಫಾರ್ವರ್ಡ್ ಅಲ್ವಾ?" ಅಂದೆ.

"ಹೌದು. ಏನೀಗ?"

"ಅದು ಲೆಕ್ಕಕ್ಕಿಲ್ಲ ಬಿಡಿ."