ಬಾಡೂಟ ಬಿಟ್ಟ ನಾಲ್ಕನೇ ತಿಂಗಳು

ಮಾಂಸ ಬಿಟ್ಟು ನಾಲ್ಕು ತಿಂಗಳಾಯ್ತು. ಮೊದಲ ಎರಡು ತಿಂಗಳು ತಿಂದಿದ್ದು ನೆನೆದರೆ ಈಗ ನಗು ಬರುತ್ತೆ. ಅನ್ನ, ತಿಳಿಸಾರು, ಹಪ್ಪಳ, ಸಂಜೆಗೆ ಬನ್ನು. ಕೋಳಿ ಹೋಯ್ತು, ಆ ಜಾಗಕ್ಕೆ ಏನೂ ಬರಲಿಲ್ಲ. ಎರಡು ಮೆಟ್ಟಿಲು ಹತ್ತಿದರೆ ಸುಸ್ತು.

ಅವ್ವನಿಗೆ ಫೋನ್ ಮಾಡಿದೆ. "ಸಾರಿಗೆ ಕಾಳು ಹಾಕ್ತಿದೀಯೇನೋ?" ಅಂದಳು. ಅಷ್ಟೇ.

ಈಗ ರಾತ್ರಿ ಹುರುಳಿಕಾಳು ನೆನೆಹಾಕಿ, ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತೇನೆ. ಮಾರನೇ ದಿನ ಗಂಟು ಬಿಚ್ಚಿದರೆ ಬಿಳಿ ಬಾಲಗಳು ಬಟ್ಟೆಯ ನೂಲಿನೊಳಗೇ ತೂರಿಕೊಂಡಿರುತ್ತವೆ. ಬಿಡಿಸೋದೇ ಒಂದು ಕೆಲಸ. ಮೊಳಕೆ ಬಂದರೆ ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ, ನಿಂಬೆಹುಳಿ ಹಿಂಡಿದರೆ ಇನ್ನೂ ಒಳ್ಳೇದು. ಆದರೆ ಊಟದ ಹಿಂದೆಯೇ ಟೀ ಕುಡಿದರೆ ಅದಕ್ಕೆ ಅಡ್ಡಗಾಲು. ನನಗೆ ಕಷ್ಟವಾಗಿದ್ದು ಇದೇ. ಗಡಿಯಾರ ನೋಡುತ್ತಾ ಕೂತಿರುತ್ತೇನೆ.

ಕ್ಯಾಲ್ಸಿಯಂ ಚಿಂತೆ ಅಷ್ಟಿಲ್ಲ, ಮುದ್ದೆ ಇದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ.

ತಕರಾರು ವಿಟಮಿನ್ ಬಿ12ದು. ಅದು ಕಾಳಲ್ಲೂ ಇಲ್ಲ, ಸೊಪ್ಪಲ್ಲೂ ಇಲ್ಲ. ಹಾಲು, ಮೊಸರಲ್ಲಿ ಸ್ವಲ್ಪ ಇದೆ. ರಕ್ತಪರೀಕ್ಷೆಯಲ್ಲಿ ನನಗೆ ಕಮ್ಮಿ ಬಂತು, ಡಾಕ್ಟರು ಮಾತ್ರೆ ಬರೆದರು. ತಮಾಷೆ ಅಂದ್ರೆ, ಇದರ ದಾಸ್ತಾನು ಲಿವರಿನಲ್ಲಿ ವರ್ಷಗಟ್ಟಲೆ ಇರುತ್ತದಂತೆ. ಅಂದರೆ ಕೋಳಿ ತಿನ್ನುವಾಗಲೇ ಕಮ್ಮಿ ಇತ್ತೇನೋ! ಸುಮ್ನೆ ಸೊಪ್ಪನ್ನು ಬೈದುಕೊಂಡಿದ್ದೆ.

ಯುಗಾದಿಗೆ ಊರಿಗೆ ಹೋಗಬೇಕು. ಮಾರನೇ ದಿನ ವರ್ಷತೊಡಕು, ಮನೆ ತುಂಬಾ ಮಟನ್ ಘಮ. ಅವತ್ತು ನನಗೆ ಬೇರೆ ಪಾತ್ರೆಯಲ್ಲಿ ಹುರುಳಿ ಬಸ್ಸಾರು ಮಾಡುತ್ತಾಳಂತೆ ಅವ್ವ.